ಕಂಟೇನರಿಗೆ ಮುಟ್ಟದ ಚೀಟಿ

ಎಲ್ಲದಕ್ಕೂ ಕಾರಣ ಒಂದೇ ಒಂದು ಸಾಲು: ಬಿಲ್ಡ್ ಟೂಲಿಗೆ ಎರಡು ಜಿಬಿ ಮೆಮೊರಿ ಸಾಲದು, ನಾಲ್ಕು ಬೇಕು.

ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಬಿಲ್ಡ್ ಮಾಡಿ, ಅಂದರೆ ಓಡುವ ಹಾಗೆ ಜೋಡಿಸಿ, ಹೊರಗೆ ಬಿಡುವುದು ಅವನ ಕೆಲಸ. ಅದಕ್ಕೇ ಆಫೀಸಿನವರು ಗಂಡಸಾದ ಅವನಿಗೆ ಸೂಲಗಿತ್ತಿ ಎಂದು ಹೆಸರಿಟ್ಟಿದ್ದರು. ಆ ದಿನ ಮೂರು ಗಂಟೆಗೆ ಅವನ ಅಪ್ಪನಿಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಒಮ್ಮೆ ಅಪ್ಪನ ಕೈ ಹಿಡಿಯಬೇಕು ಎಂಬುದಷ್ಟೇ ಅವನ ಆಸೆ. "ಬಿಲ್ಡ್ ಒಂದು ಮುಗಿಸಿ ಹೊರಟುಬಿಡಿ," ಎಂದಿದ್ದರು ಮ್ಯಾನೇಜರು.

ಬಿಲ್ಡ್ ನಡೆಯುವುದು ಕಂಪ್ಯೂಟರಿನಲ್ಲಿ ಮುಚ್ಚಿದ ಪೆಟ್ಟಿಗೆಯಂತಿರುವ ಕಂಟೇನರಿನೊಳಗೆ. ಅದು ಮುನಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡ ಅತ್ತೆಯ ಹಾಗೆ. ಹೊರಗಿನವರು ಎಷ್ಟು ಕೂಗಿದರೂ ಕೇಳಿಸದು. ಹೇಳುವುದನ್ನು ಎನ್ವಿರಾನ್ಮೆಂಟ್ ವೇರಿಯೇಬಲ್ ಎಂಬ ಚೀಟಿಯಲ್ಲಿ ಬರೆದು ಕಳಿಸಬೇಕು. ಹತ್ತು ಗಂಟೆಗೆ ಅವನು ಚೀಟಿಯಲ್ಲಿ 'ನಾಲ್ಕು' ಎಂದು ಬರೆದ. ಮೆಮೊರಿ ಸಾಲದೆ ಬಿಲ್ಡ್ ಅರ್ಧದಲ್ಲೇ ಸತ್ತಿತು.

"ನಾಲ್ಕು ಯಾವ ಮೂಲೆಗೆ? ಆರು ಹಾಕು," ಎಂದಳು ಟೆಸ್ಟಿಂಗಿನ ಅಕ್ಕ. ಹಾಕಿದ. ಸತ್ತಿತು.

"ಚೀಟಿ ಹೆಸರು ಪೂರ್ತಿ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೀಬೇಕು ಕಣಯ್ಯ," ಎಂದ ಪಕ್ಕದ ಮೇಜಿನ ಪಂಡಿತ. ಬರೆದ. ಮತ್ತೂ ಸತ್ತಿತು. ಪುಕ್ಕಟೆ ಸಲಹೆಗೆ ಬರವೇ? ಊಟದ ಹೊತ್ತಿಗೆ ಅವನ ಕುರ್ಚಿಯ ಹಿಂದೆ ಏಳು ಜನ ನಿಂತಿದ್ದರು.

ತಂಗಿ ಫೋನ್ ಮಾಡಿದಳು. "ಅಣ್ಣಾ, ಎಲ್ಲಿದ್ದೀಯ? ಅಪ್ಪ ಕೇಳ್ತಾನೇ ಇದ್ದಾರೆ."

"ಹೊರಟೇಬಿಟ್ಟೆ ಅಂತ ಹೇಳು ಪುಟ್ಟಿ."

ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ. 'ಇನ್ನೊಂದೇ ಒಂದು ಸಲ' ಎಂಬುದೇ ಕಟ್ಟಿಹಾಕಿತ್ತು, ಪಾಪ.

ಎರಡೂವರೆಗೆ ಅವನು ತಲೆ ಚಚ್ಚಿಕೊಂಡ. ಕಂಟೇನರು ಚೀಟಿ ಓದುವುದು ತಾನು ಶುರುವಾಗುವಾಗ ಒಂದೇ ಸಲ. ಇದು ನಿನ್ನೆಯಿಂದ ಓಡುತ್ತಲೇ ಇತ್ತು. ಬೆಳಿಗ್ಗೆಯಿಂದ ಕಳಿಸಿದ ಒಂದು ಚೀಟಿಯನ್ನೂ ಅದು ಕಣ್ಣೆತ್ತಿ ನೋಡಿರಲಿಲ್ಲ. ಹತ್ತು ಗಂಟೆಗೆ ಬರೆದಿದ್ದ ಚೀಟಿಯನ್ನೇ ಹಾಕಿ, ಕಂಟೇನರನ್ನು ನಿಲ್ಲಿಸಿ ಮತ್ತೆ ಶುರುಮಾಡಿದ. ಬಿಲ್ಡ್ ಹೂವೆತ್ತಿದಂತೆ ಮುಗಿಯಿತು.

"ನಾನು ಆಗ್ಲೇ ಹೇಳ್ಲಿಲ್ವಾ?" ಎಂದರು ಏಳೂ ಜನ.

ಅವನು ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದ. ಆಗ ಗಂಟೆ ಮೂರೂಕಾಲು. ಆಪರೇಷನ್ ಕೋಣೆಯ ಬಾಗಿಲು ಹಾಕಿತ್ತು. ಹೊರಗಿನ ಬೆಂಚಿನ ಮೇಲೆ ತಂಗಿ ಅಪ್ಪನ ಕನ್ನಡಕ ಹಿಡಿದು ಕೂತಿದ್ದಳು.

"ಅಪ್ಪನಿಗೆ ಏನು ಹೇಳ್ದೆ?" ಎಂದ.

"ನೀವು ಮಲಗಿದ್ದಾಗ ಅಣ್ಣ ಬಂದು ನೋಡ್ಕೊಂಡು ಹೋದ ಅಂದೆ."

ಅವನಿಗೆ ಹೋದ ಜೀವ ಬಂದಂತಾಯಿತು. "ಸದ್ಯ! ನಂಬಿದ್ರಾ?"

"ನಕ್ಕುಬಿಟ್ರು. 'ಅವನು ಬಂದಿದ್ರೆ ನನ್ನ ಎಬ್ಬಿಸ್ದೆ ಹೋಗೋನಲ್ಲ, ದಾರೀಲಿರ್ತಾನೆ' ಅಂತ ಡಾಕ್ಟರ ಕೈ ಹಿಡ್ಕೊಂಡು ಹತ್ತು ನಿಮಿಷ ನಿಲ್ಲಿಸಿದ್ರು ಅಣ್ಣಾ. ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು."