ಎರಡನೇ ಸಲ ಹೇಳುವ ಕಷ್ಟ

ಒಂದೇ ಮಾತನ್ನು ಎರಡು ಸಲ ಹೇಳುವುದಕ್ಕೆ ಎಷ್ಟು ಕಸುವು ಬೇಕು ಎಂಬುದನ್ನು ಯಾರೂ ಅಳೆದಂತೆ ಕಾಣುವುದಿಲ್ಲ. ಮೊದಲ ಸಲ ಮಾತು ತಾನಾಗಿ ಬಾಯಿಂದ ಜಾರುತ್ತದೆ. ಎರಡನೇ ಸಲ ಅದನ್ನು ಬಾವಿಯಿಂದ ಸೇದಬೇಕು. ಮೂರನೇ ಸಲದ ಹೊತ್ತಿಗೆ ಇದು ಅಷ್ಟು ಕೂಗಿ ಹೇಳುವ ಮಾತೇ ಎಂದು ನನಗೇ ಅನುಮಾನ ಬರುತ್ತದೆ. ‘ಹೀರೇಕಾಯಿ ಪಲ್ಯ ಚೆನ್ನಾಗೈತೆ’ ಎಂದು ಮೂರು ಸಲ ಅರಚಿದ ಮೇಲೆ ಯಾವ ಪಲ್ಯಕ್ಕೂ ರುಚಿ ಉಳಿಯುವುದಿಲ್ಲ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ವಿಜ್ಞಾನ ನನಗೆ ದೂರ. ಆದರೆ ಕೇಳಿಸಿಕೊಳ್ಳುವವರ ಸುಸ್ತನ್ನು ಅಳೆಯುವ ವಿದ್ಯೆ ಬಂದಿದೆ ಎಂದು ಈಚೆಗೆ ತಿಳಿಯಿತು. ಹೇಳುವವರ ಸುಸ್ತಿಗೂ ಏನಾದರೂ ಬಂದರೆ ಮೊದಲು ನನ್ನನ್ನೇ ಕೂರಿಸಿ ಅಳೆಯಲಿ.

ನಮ್ಮದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬೇಕೆಂದರೆ ಒಂದು ಮಗ್ಗಕ್ಕೆ ಇಬ್ಬರು ಕೂರಬೇಕಾಗುತ್ತದೆ. ನಾನು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಡಲು ನೇಯುತ್ತೇನೆ, ಪಕ್ಕದಲ್ಲಿ ಕೂತು ನಮ್ಮ ಅಕ್ಕ ಅಂಚಿನ ಲಾಳಿ ತೂರುತ್ತಾಳೆ. ಭಾವ ತೀರಿಕೊಂಡ ಮೇಲೆ ಅವಳು ಬಂದು ಕೂತ ಜಾಗ ಅದು. ಮಗ್ಗದ ಸದ್ದಿನಲ್ಲಿ ಮಾತಾಡಲು ನೇಕಾರರಿಗೆ ಒಂದು ಕ್ರಮವಿದೆ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಒಂದೊಂದೇ ತುಂಡು ಮಾತನ್ನು ತೂರಿಸಬೇಕು. ಹೊರಗಿನವರಿಗೆ ಅದು ಜಗಳದ ಹಾಗೆ ಕೇಳಿಸುತ್ತದೆ. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ನಾವಿಬ್ಬರೂ ದಿನವಿಡೀ ಬೈದಾಡುತ್ತೇವೆಂದು ತಿಳಿದು ತವರಿಗೆ ದೂರು ಹೇಳಿದ್ದಳು. ನಾವು ಆಗ ಮಾತಾಡುತ್ತಿದ್ದದ್ದು ಅವಳಿಗೆ ತರಬೇಕಾದ ಹೂವಿನ ವಿಷಯ.

ಅಕ್ಕನ ಕಿವಿ ಯಾವಾಗ ಮಂದವಾಯಿತೋ ನನಗೆ ಗೊತ್ತಾಗಲಿಲ್ಲ. ಅವಳು ‘ಏನಂದೆ?’ ಎನ್ನುತ್ತಿದ್ದಳು. ನಾನು ‘ಏನಿಲ್ಲ ಬಿಡು’ ಎನ್ನುತ್ತಿದ್ದೆ. ಮನೆಯವರೆಲ್ಲ ನಕ್ಕಾಗ, ‘ಯಾಕೆ ನಕ್ಕಿದ್ದು?’ ಎನ್ನುತ್ತಿದ್ದಳು. ನಗೆಯನ್ನು ಎರಡನೇ ಸಲ ಹೇಳುವುದು ಇನ್ನೂ ಕಷ್ಟ, ಆದ್ದರಿಂದ ಅದಕ್ಕೂ ಅದೇ ಉತ್ತರ. ಹೀಗೇ ನಡೆದು ಬರುಬರುತ್ತಾ ಅವಳು ಕೇಳುವುದನ್ನೇ ನಿಲ್ಲಿಸಿದಳು. ಏನು ಹೇಳಿದರೂ ಸುಮ್ಮನೆ ನಕ್ಕು ತಲೆದೂಗುತ್ತಿದ್ದಳು. ನನಗೆ ಹಾಯೆನಿಸಿತು. ‘ಅಕ್ಕನ ಕಿವಿ ತಾನಾಗೇ ಸರಿಹೋಯ್ತು ಕಣೆ’ ಎಂದು ಹೆಂಡತಿಗೆ ಹೇಳಿದೆ.

‘ಕಿವಿ ಸರಿಹೋಗಿಲ್ಲರೀ, ನಿಮ್ಮನ್ನ ಕೇಳೋದು ಬಿಟ್ಟಾರೆ, ಅಷ್ಟೇ’ ಎಂದಳು ಅವಳು.

ಆಮೇಲೆ ಸೋದರತ್ತೆಯ ಮೊಮ್ಮಗಳ ನಿಶ್ಚಿತಾರ್ಥ ಬಂತು. ಅಕ್ಕ ಹೊರಡಲಿಲ್ಲ. ಮದುವೆ ಮನೆಯೆಂದರೆ ಮೊದಲು ಸೀರೆ ಉಡುತ್ತಿದ್ದವಳು ಅವಳು. ‘ಅಲ್ಲಿ ಹೋಗಿ ಹಲ್ಲು ಬಿಟ್ಕೊಂಡು ಗೊಂಬೆ ಹಂಗೆ ಕೂರಬೇಕು. ಅದನ್ನ ಮನೇಲೇ ಕೂರ್ತೀನಿ, ಹೋಗ್ರಪ್ಪ’ ಎಂದಳು. ಹೀಗೇ ಬಿಟ್ಟರೆ ಅವಳು ಒಬ್ಬೊಬ್ಬರನ್ನೇ ಬಿಡುತ್ತಾ ಕೊನೆಗೆ ಎಲ್ಲರನ್ನೂ ಬಿಟ್ಟುಬಿಡುತ್ತಾಳೆ ಎಂದು ಹೆಂಡತಿ ಹಟ ಹಿಡಿದಳು. ಮಾರನೇ ವಾರ ಅಕ್ಕನನ್ನು ಚಳ್ಳಕೆರೆಗೆ ಕರೆದುಕೊಂಡು ಹೋದೆ.

ಅಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಅಕ್ಕನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಲು ಹೇಳಿದಳು. ಅಕ್ಕ ಒತ್ತಿದಳು. ಒತ್ತುತ್ತಲೇ ಇದ್ದಳು. ಹುಡುಗಿ ಎದ್ದು ಬಂದಳು.

‘ಅಮ್ಮಾ, ನಾನು ಸದ್ದು ಕೊಡದೇ ಇದ್ದಾಗಲೂ ಒತ್ತುತ್ತಿದ್ದೀರಲ್ಲ?’

‘ಕೈ ತಾನಾಗೇ ಹೋಗ್ತೈತೆ ತಾಯಿ. ನಮ್ಮ ತಮ್ಮ ಬಡಿಯೋದು ಒಂದೇ ಹದ. ನಾನು ತಡ ಮಾಡಿದ್ರೆ ಮುಖ ಗಂಟು ಹಾಕ್ತಾನೆ.’

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡಿದೆ. ಆಮೇಲೆ ಅಕ್ಕನ ಕೈಯನ್ನು ತೊಡೆಯ ಮೇಲಿಡಿಸಿ, ಕೇಳಿದ ಮಾತನ್ನು ಬಾಯಲ್ಲಿ ಹೇಳಿಸುವ ಪರೀಕ್ಷೆ ನಡೆಯಿತು. ಸದ್ದಿಲ್ಲದ ಕಡೆ ಅಕ್ಕ ಅನೇಕ ಮಾತು ಹಿಡಿದಳು. ಹಿಂದೆ ಗದ್ದಲ ಸೇರಿಸಿದ ಕೂಡಲೇ ಎಲ್ಲ ಕೈತಪ್ಪಿದವು. ಕೇಳಿಸಿಕೊಳ್ಳುವುದು ಬರೀ ಕಿವಿಯ ಕೆಲಸವಲ್ಲವಂತೆ. ಅರ್ಧಂಬರ್ಧ ಬಿದ್ದ ಮಾತನ್ನು ಮೆದುಳು ಊಹಿಸಿ ಜೋಡಿಸಬೇಕಂತೆ. ಹಾಗೆ ಹೆಣಗುವಾಗ ಕಣ್ಣಿನ ಪಾಪೆ ಹಿಗ್ಗುವುದನ್ನು ಸಂಶೋಧನೆ ಮಾಡುವವರು ಕಂಡುಕೊಂಡು, ಅದರಿಂದಲೇ ಶ್ರಮವನ್ನು ಅಂದಾಜು ಮಾಡುತ್ತಾರಂತೆ. ‘ಇವರು ಸಂಜೆಗೆ ಸೋತುಹೋಗೋದು ಮಗ್ಗದ ಕೆಲಸದಿಂದ ಮಾತ್ರ ಅಲ್ಲ ಸಾರ್’ ಎಂದು ಹುಡುಗಿ ಹೇಳಿ, ‘ಏನಂದ್ರಿ ಅಂತ ತುಂಬಾ ಸಲ ಕೇಳ್ತಾರಾ?’ ಎಂದಳು.

‘ಇಲ್ಲಮ್ಮ, ಈಗ ಪೂರ್ತಿ ಬಿಟ್ಟಿದಾಳೆ’ ಎಂದೆ, ಮನೆಯವರನ್ನು ಹೊಗಳುವ ದನಿಯಲ್ಲಿ.

‘ಅದೇ ಒಳ್ಳೇದಲ್ಲ. ಕೇಳೋವರೆಗೂ ಆಸೆ ಇರುತ್ತೆ. ಕಿವಿಗೆ ಮಿಷಿನ್ ಹಾಕೋಣ. ಆದ್ರೆ ಮಿಷಿನ್ ಒಂದೇ ಸಾಲದು. ದಿನಾ ಮಗ್ಗ ನಿಲ್ಲಿಸಿ, ಎದುರಿಗೆ ಕೂತು ನೀವು ಮಾತಾಡಬೇಕು.’

ಬಸ್ಸಿನಲ್ಲಿ ಕಣ್ಣಿನ ವಿಷಯವನ್ನು ಅಕ್ಕನಿಗೆ ಕೈಬಾಯಿ ಸೇರಿಸಿ ವಿವರಿಸಿದೆ. ಅವಳು ಯೋಚಿಸಿ, ‘ಉಳ್ಳಾರ್ತಿ ಕಾವಲಾಗೆ ವಿಜ್ಞಾನಿಗಳು ಬಂದು ಅಷ್ಟುದ್ದ ಕಾಂಪೌಂಡ್ ಹಾಕ್ಯಾರಲ್ಲ, ಅದರೊಳಗೆ ಇದೇ ಮಾಡ್ತಾರೇನೋ, ಒಬ್ಬರ ಕಣ್ಣು ಒಬ್ಬರು ನೋಡ್ಕೊಂಡು’ ಎಂದಳು.

ಮಿಷಿನ್ ಬಂದ ಮೇಲೆ ದಿನಾ ಸಂಜೆ ಎದುರುಬದುರು ಕೂತೆವು. ನಾನು ಮೊದಲು ಮಾಡಿದ್ದು ಅವಳ ಪಾಪೆ ನೋಡುವ ಕೆಲಸ. ‘ಏನೋ ಹಂಗೆ ಕಣ್ಣಾಗೆ ಕಣ್ಣಿಡ್ತೀಯ, ಪೊರೆ ಬಂದೈತಾ?’ ಎಂದು ಬೈದಳು. ನಮ್ಮ ಮನೆಯ ಕಪ್ಪು ಕಣ್ಣಿನಲ್ಲಿ ಪಾಪೆ ಎಲ್ಲಿ ಮುಗಿಯುತ್ತದೆಂಬುದೇ ತಿಳಿಯದು. ಸರಿ, ಮಾತಾಡೋಣವೆಂದರೆ ಮಾತಿಲ್ಲ. ‘ಹಸಿರು ರೇಷ್ಮೆ ಸಾಲದು’ ಎಂದೆ. ‘ಅದು ಮಗ್ಗದ ಮಾತು. ಬೇರೆ ಚೆಪ್ಪು’ ಎಂದಳು. ನಮ್ಮ ಮನೆಯಲ್ಲಿ ‘ಹೇಳು’ ಎಂಬ ಒತ್ತಾಯ ಬಂದಾಗ ತೆಲುಗು ಬರುತ್ತದೆ. ಇಷ್ಟು ವರ್ಷ ಪಕ್ಕದಲ್ಲೇ ಕೂತವಳಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಮಾರನೇ ದಿನದಿಂದ ಸುದ್ದಿ ಹುಡುಕಲು ಹೊರಟೆ. ರಾಂಪುರದ ಕಡೆಯ ಮದುವೆ ಮಾತುಕತೆ, ಹಾಲಿನವನ ಎಮ್ಮೆ, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಕೇಳಿಕೊಂಡು ಬಂದೆ. ಚಹಾ ಅಂಗಡಿಯಲ್ಲಿ ಈಗ ನನ್ನನ್ನು ಕಂಡರೆ ಜನ ದನಿ ತಗ್ಗಿಸುತ್ತಾರೆ.

ಮೊನ್ನೆ ಸುದ್ದಿ ತೀರಿತ್ತು. ಅಕ್ಕ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಾನು ನೆಲ ನೋಡುತ್ತಾ, ‘ನೀನು ಕೇಳೋದು ಬಿಟ್ಟಾಗ ನನಗೆ ಆರಾಮಾಯ್ತಕ್ಕ. ನಿನಗೆ ಕೇಳಿಸಿಲ್ಲ ಅಂತ ಗೊತ್ತಿದ್ದೂ ಸುಮ್ಮನಾದೆ. ತಪ್ಪಾಯ್ತು’ ಎಂದೆ. ತಲೆ ಎತ್ತಿದರೆ, ಮಿಷಿನ್ ಆಗಲೇ ಡಬ್ಬಿಯಲ್ಲಿತ್ತು. ಯಾವಾಗ ತೆಗೆದಳೋ. ಅಕ್ಕ ನಕ್ಕು ತಲೆದೂಗಿದಳು. ಕೇಳಿಸಿ ತೂಗಿದ ತಲೆಯೋ, ಕೇಳಿಸದೆ ತೂಗಿದ ತಲೆಯೋ ತಿಳಿಯಲಿಲ್ಲ. ಏನಂದೆ ಎಂದು ಅವಳು ಒಂದು ಸಲ ಕೇಳಲಿ, ಕೂಗಿಯಾದರೂ ಹೇಳುತ್ತೇನೆ ಎಂದು ಕಾದೆ. ಅವಳು ಕೇಳಲಿಲ್ಲ.

‘ಸುಮ್ನೆ ಕೂತಿದ್ದೀಯಲ್ಲ, ಇದನ್ನ ಬಿಡಿಸು’ ಎಂದು ಅರ್ಧ ಸೊಪ್ಪು ನನ್ನ ಮುಂದೆ ತಳ್ಳಿದಳು. ನುಗ್ಗೆಸೊಪ್ಪಿನ ಎಲೆ ಸಣ್ಣದು, ಬಿಡಿಸುವುದು ಬೇಸರದ ಕೆಲಸ. ನಾನು ನನ್ನ ಪಾಲನ್ನು ಮುಗಿಸಿ, ಅವಳ ಪಾಲನ್ನೂ ಎಳೆದುಕೊಂಡು ಬಿಡಿಸಿಬಿಟ್ಟೆ.