ಮ್ಯಾಟ್ರಿಕ್ಸಿನಲ್ಲಿ ಒಂದು ತಟ್ಟೆ ಕಮ್ಮಿ

ನಲವತ್ತು ದಾಟಿದ ಮೇಲೆ ಪರೀಕ್ಷೆ ಬರೆಯುವ ಭಾಗ್ಯ ನನ್ನ ವೈರಿಗೂ ಬೇಡ. ನಾಸಿಕದ ನಮ್ಮ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುತ್ತ ಹಾಯಾಗಿದ್ದವಳು ನಾನು. ಯಾರ ಕಣ್ಣು ಬಿತ್ತೋ, ಇನ್ನು ಮುಂದೆ ನೀವೂ ಬರೆಯಬೇಕು ಎಂದರು. ಮನೆಯಲ್ಲೇ ಕೂತು ಒಂದು ಕೋಡಿಂಗ್ ಒಗಟು ಬಿಡಿಸಿ ಸಂಜೆಯೊಳಗೆ ಕಳಿಸಬೇಕು. ಆಗದವರಿಗೆ ಛತ್ರಪತಿ ಸಂಭಾಜಿನಗರದಲ್ಲಿ ಮೂರು ತಿಂಗಳ ತರಬೇತಿ. ತರಬೇತಿಗೆ ನಾನು ಹೆದರುವವಳಲ್ಲ. ಆದರೆ ಅಲ್ಲಿ ಉಳಿಯಬೇಕಾದದ್ದು ನಾದಿನಿಯ ಮನೆಯಲ್ಲಿ. ಸುಳ್ಳು ಹೇಳಬಾರದು, ಒಳ್ಳೆಯ ಹೆಂಗಸು. ಆದರೆ ಬಂದ ನೆಂಟರಿಗೆಲ್ಲ ದೌಲತಾಬಾದ್ ಕೋಟೆ ಹತ್ತಿಸದೆ ಆಕೆಗೆ ಸಮಾಧಾನವಿಲ್ಲ. ಹೋದ ಸಲ ಹತ್ತಿದ್ದಕ್ಕೆ ನನ್ನ ಮೊಣಕಾಲು ಇನ್ನೂ ಗೊಣಗುತ್ತಿದೆ. ಮೂರು ತಿಂಗಳಿಗೆ ಎಷ್ಟು ಭಾನುವಾರ, ನೀವೇ ಲೆಕ್ಕ ಹಾಕಿ.

ಒಗಟು ಕೇಳಲು ಸುಲಭ. ‘ಒಂದು’ಗಳನ್ನೂ ಸೊನ್ನೆಗಳನ್ನೂ ಚೌಕದಲ್ಲಿ ಜೋಡಿಸಿದ್ದಾರೆ, ಅದಕ್ಕೆ ಮ್ಯಾಟ್ರಿಕ್ಸ್ ಎಂದು ದೊಡ್ಡ ಹೆಸರು. ಯಾವ ‘ಒಂದ’ರ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಬೇರೆ ‘ಒಂದು’ ಇಲ್ಲವೋ ಅದು ಸ್ಪೆಷಲ್. ಅಂಥವು ಎಷ್ಟಿವೆ, ಹೇಳಬೇಕು. ನನ್ನ ಕಣ್ಣಿಗೆ ಎರಡು ಕಾಣುತ್ತಿದ್ದವು. ನಾನು ಬರೆದ ಪ್ರೋಗ್ರಾಂ ಮಾತ್ರ ಬೆಳಗಿನಿಂದ ಒಂದೂ ಇಲ್ಲವೆಂದು ಹಟ ಹಿಡಿದಿತ್ತು. ಅಳು ಬರುವುದೊಂದು ಬಾಕಿ.

ಮಧ್ಯಾಹ್ನ ಸಿಟ್ಟಿನಲ್ಲೇ ಎದ್ದು ತಟ್ಟೆ ಹಾಕಿದೆ. ಮನೆಯಲ್ಲಿ ನಾವಿರುವುದು ನಾಲ್ಕೇ ಜನ: ಅತ್ತೆ, ಗಂಡ, ಮಗಳು, ನಾನು. ಎಲ್ಲರೂ ಒಟ್ಟಿಗೇ ಉಣ್ಣಬೇಕೆಂಬುದು ಬೀದರ್ ಕಡೆಯ ನಮ್ಮ ಅತ್ತೆಯ ಕಾಯಿದೆ.

“ಯವ್ವಾ, ನಿನ್ ತಾಟ ಎಲ್ಲದ? ದಿನಾ ಇದೇ ಆಯ್ತು. ಎಲ್ಲಾರಿಗೂ ಎಣಸ್ತಿ, ನಿನ್ನ ಒಬ್ಬಾಕಿನ್ನ ಬಿಡ್ತಿ!” ಎಂದರು.

ಅಯ್ಯೋ ದೇವರೇ! ಹಪ್ಪಳದ ಡಬ್ಬಿ ಹಿಡಿದುಕೊಂಡೇ ಲ್ಯಾಪ್‌ಟಾಪಿಗೆ ಓಡಿದೆ. ನನ್ನ ಪ್ರೋಗ್ರಾಂಗೆ ನನ್ನ ಗುಣ ಬಂದಿರಲಿಲ್ಲ. ಸಾಲಿನಲ್ಲಿ ಬೇರೆ ‘ಒಂದು’ ಇದೆಯೇ ಎಂದು ಹುಡುಕುವಾಗ ಅದು ತನ್ನನ್ನೂ ಎಣಿಸಿಕೊಂಡು, ‘ಇದೆಯಲ್ಲ!’ ಎನ್ನುತ್ತಿತ್ತು. ನಿನ್ನನ್ನು ಬಿಟ್ಟು ಎಣಿಸು ಮಾರಾಯಾ ಎಂದು ಒಂದು ಸಾಲು ಸೇರಿಸಿದೆ. ಎರಡು! ಕಳಿಸಿದೆ. ಪಾಸ್ ಎಂದು ಹಸಿರು ಅಕ್ಷರ ಮೂಡಿದಾಗ ಎಷ್ಟು ಹಗುರಾಯಿತೆಂದರೆ, ನಾದಿನಿಗೆ ಫೋನು ಮಾಡಿ ಸುಮ್ಮನೆ ಯೋಗಕ್ಷೇಮ ವಿಚಾರಿಸಿದೆ.

ಆ ಸಂಜೆ ತಟ್ಟೆ ಹಾಕುವಾಗ ಇನ್ನು ಮುಂದೆ ನನ್ನನ್ನು ಬಿಡಬಾರದೆಂದು ಮೊದಲು ನನ್ನದನ್ನೇ ಇಟ್ಟೆ. ಆಮೇಲೆ ಅತ್ತೆಯದು, ಮಗಳದು. ಎಂದಿನಂತೆ ಮೂರು ಆದವು, ಕೈ ನಿಂತಿತು. ಎಲ್ಲರೂ ಕೂತೆವು. ನಮ್ಮ ಯಜಮಾನರು ಮಾತ್ರ ನಿಂತೇ ಇದ್ದರು.

“ನಂದೆಲ್ಲದ?”

“ನೀವಿವತ್ತು ಸ್ಪೆಷಲ್ ರೀ,” ಎಂದೆ, ನಾಲಿಗೆ ಕಚ್ಚಿಕೊಂಡು.

ಅತ್ತೆ ನನ್ನನ್ನೇ ದಿಟ್ಟಿಸಿದರು. “ನಿನ್ನ ಎಣಸ್ಕೊ ಅಂದೀನಿ, ನನ್ ಮಗನ್ನ ಬಿಡು ಅಂದಿಲ್ಲ!”