ಹೆಲ್ಮೆಟ್ಟಿಗೊಪ್ಪದ ಕನ್ನಡಕ

ನಮ್ಮ ಚಿಗವ್ವ ಎದುರಿಗೆ ಬಂದರೆ ಅದಿರಿನ ಲಾರಿಗಳೇ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದವು. ಇದರಲ್ಲಿ ಉತ್ಪ್ರೇಕ್ಷೆ ಇದ್ದರೆ ತೀರಾ ಸ್ವಲ್ಪ! ಗಣಿ ಜೋರಾಗಿದ್ದ ಆ ಕಾಲದಲ್ಲಿ ಸಂಡೂರಿನ ರಸ್ತೆಯಲ್ಲಿ ಲಾರಿಗೆ ಹೆದರದವರು ಯಾರಿದ್ದರು ಹೇಳಿ? ಆ ಲಾರಿಯವರೇ ಹೆದರುತ್ತಿದ್ದುದು ಮಾತ್ರ ಸೀರೆಯ ಮೇಲೆ ಬಿಳಿ ಕೋಟು ತೊಟ್ಟು, ಮೋಟರ್‌ಸೈಕಲ್ ಏರಿ ಬರುವ ಈ ಒಬ್ಬ ಹೆಂಗಸಿಗೆ.

ಚಿಗವ್ವ ಎಂದರೆ ನಮ್ಮ ಅವ್ವನ ಕೊನೆಯ ತಂಗಿ. ಹಳ್ಳಿಹಳ್ಳಿ ತಿರುಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಸರ್ಕಾರಿ ನರ್ಸ್. ಕಣ್ಣಿಗೆ ಸೋಡಾಬುಡ್ಡಿ ಕನ್ನಡಕ. ಅದನ್ನು ತೆಗೆದರೆ ಎದುರಿಗಿರುವುದು ಆನೆಯೋ ಅಡಿಗೆಮನೆಯೋ ತಿಳಿಯದು! ಚಿಗಪ್ಪನಿಗೆ ಗಣಿಯವರು ಓಡಾಡಲು ಜೀಪು ಕೊಟ್ಟಿದ್ದೇ ತಡ, ಮೂಲೆ ಸೇರಿದ್ದ ಅವನ ಮೋಟರ್‌ಸೈಕಲ್ಲನ್ನು ಇವಳು ವಶಪಡಿಸಿಕೊಂಡಳು. ಬಸ್ಸಿಗೆ ಕಾಯುತ್ತ ಕೂತರೆ ಕೂಸು ಕಾಯುತ್ತದೆಯೇ ಎನ್ನುವುದು ಅವಳ ವಾದ. ಚಿಗಪ್ಪ ಬೇಡವೆನ್ನುವ ಧೈರ್ಯ ಮಾಡಲಿಲ್ಲ. ಹೊಸಪೇಟೆಯಿಂದ ದೊಡ್ಡದೊಂದು ಹೆಲ್ಮೆಟ್ ತಂದು ಅವಳ ಮುಂದಿಟ್ಟು, ಕೈಮುಗಿದು, "ಇಷ್ಟು ಹಾಕ್ಕೊಂಡ್ ಹೋಗಾ ಮಾರಾಯ್ತಿ" ಎಂದ.

ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದ.

ಕನ್ನಡಕ ಹಾಕಿಕೊಂಡು ಮೇಲೆ ಹೆಲ್ಮೆಟ್ ಇಳಿಸಿದರೆ ಕನ್ನಡಕದ ಕಾಲು ಸೊಟ್ಟಗಾಗಿ ಒಂದು ಗಾಜು ಹಂಪಿ ನೋಡುತ್ತಿತ್ತು, ಇನ್ನೊಂದು ಕಂಪ್ಲಿ! ಹೋಗಲಿ, ಮೊದಲು ಹೆಲ್ಮೆಟ್ ಹಾಕಿಕೊಂಡು ಆಮೇಲೆ ಕನ್ನಡಕ ತೂರಿಸೋಣವೆಂದರೆ ಅದು ಕಿವಿಯ ದಾರಿ ಬಿಟ್ಟು ಕಪಾಳಕ್ಕೆ ಚುಚ್ಚುತ್ತಿತ್ತು. ಹೇಗೋ ಒಳಗೆ ಸೇರಿತು ಅನ್ನಿ, ಚಳಿಗಾಲದಲ್ಲಿ ಉಸಿರಿನ ಹಬೆ ಗಾಜಿಗೆ ಕವಿಯುತ್ತಿತ್ತು. ಉಸಿರಾಡಿದರೆ ದಾರಿ ಕಾಣದು, ದಾರಿ ಕಾಣಬೇಕೆಂದರೆ ಉಸಿರಾಡುವಂತಿಲ್ಲ. ಇಂಥ ಯೋಗಸಾಧನೆ ಯಾವ ಋಷಿ ಮಾಡಿದ್ದಾನು?

ಹೆಲ್ಮೆಟ್ ತೆಗೆಯುವಾಗ ಇನ್ನೊಂದು ಕಥೆ. ಕನ್ನಡಕವೂ ಅದರ ಜೊತೆಗೇ ಹೋಗಿ ಒಳಗೆಲ್ಲೋ ಅಡಗಿ ಕೂರುತ್ತಿತ್ತು. ಅದನ್ನು ಹುಡುಕಲು ಬೇಕಾಗಿದ್ದುದೂ ಕನ್ನಡಕವೇ! ಒಮ್ಮೆ ಹೀಗೇ ಆಗಿ, ಹುಡುಕುವ ಸಹನೆ ಇಲ್ಲದೆ, ಒಂದು ಹಳ್ಳಿಯ ಬಸುರಿಯ ಮನೆಯೆಂದು ನೇರ ಒಳಗೆ ನುಗ್ಗಿದಳು. ಪಡಸಾಲೆಯಲ್ಲಿ ಯಾರೋ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಹೊಟ್ಟೆ ಮಾತ್ರ ಮಸುಕಾಗಿ, ಗುಂಡಗೆ ಕಂಡಿತು.

"ಎಷ್ಟರಾಗ ಐತವಾ? ಎಂಟೋ ಒಂಬತ್ತೋ?"

ಚಾಚಿದ್ದ ಕಾಲುಗಳು ಮೆಲ್ಲಗೆ ಮಡಚಿಕೊಂಡವು.

"ಯಾಕ ಸುಮ್ಮಕುಂತಿ? ಕಬ್ಬಿಣದ ಗುಳಿಗಿ ತಗೋಳಾಕತ್ತಿ ಇಲ್ಲೋ?"

"ಸಿಸ್ಟರ, ನಾನು ಗೌಡ ಅದೀನ್ರಿ" ಎಂದಿತು ಗಡಸು ದನಿ. "ಕಬ್ಬಿಣ ನನ್ ಹೊಲದಾಗ ಬೇಕಾದಷ್ಟು ಐತಿ. ಗುಳಿಗಿ ಬ್ಯಾಡ."

ಬೇರೆ ಯಾರಾದರೂ ಆಗಿದ್ದರೆ ನಾಚಿ ಓಡುತ್ತಿದ್ದರು. ನಮ್ಮ ಚಿಗವ್ವ ಅಲ್ಲೇ ಕುಳಿತು, ಹೆಲ್ಮೆಟ್ಟಿನೊಳಗೆ ಕೈಹಾಕಿ ಕನ್ನಡಕ ಹೊರಗೆಳೆದು, ಗೌಡನ ರಕ್ತದೊತ್ತಡ ನೋಡಿ, "ಬಸುರಿ ಹೆಂಗಸ್ರೇ ನಿಮಗಿಂತ ಆರಾಮ ಅದಾರ. ಉಪ್ಪು ಬಿಡ್ರಿ, ನಡದಾಡ್ರಿ" ಎಂದು ಗದರಿಸಿ ಎದ್ದಳು. ಗೌಡ ಆಮೇಲೆ ಉಪ್ಪು ಬಿಟ್ಟನಂತೆ. ಬಿಡದಿದ್ದರೆ ಮತ್ತೆ ಬಂದು ತಿಂಗಳು ಕೇಳಿಯಾಳೆಂಬ ಭಯ!

ಕನ್ನಡಕದ ಕಾಟ ಸಾಕೆಂದು, ಕಣ್ಣೊಳಗೇ ಇಟ್ಟುಕೊಳ್ಳುವ ಲೆನ್ಸ್ ಹಾಕಿಸಿಕೊಂಡದ್ದೂ ಆಯಿತು. ಹೊಸಪೇಟೆಯ ಅಂಗಡಿಯಿಂದ ಹೊರಬಂದವಳು ಗುಡ್ಡ ನೋಡಿ, ಗಿಡ ನೋಡಿ, "ಅಯ್ಯ, ಎಲಿ ಎಲಿ ಬ್ಯಾರೆ ಬ್ಯಾರೆ ಕಾಣತಾವಲ್ಲೋ!" ಎಂದು ಕುಣಿದಾಡಿದಳಂತೆ. ಆ ಸಂಭ್ರಮ ಸಂಡೂರು ಮುಟ್ಟಲಿಲ್ಲ. ಅರ್ಧ ದಾರಿಯಲ್ಲಿ ಲಾರಿಯೊಂದರ ಕೆಂಪು ಧೂಳು ಕಣ್ಣಿಗೆ ನುಗ್ಗಿತು, ಉಜ್ಜಿಕೊಂಡಳು, ಒಂದು ಲೆನ್ಸ್ ಮಾಯ! ಗಾಡಿಯನ್ನು ರಸ್ತೆಯ ನಡುವೆಯೇ ನಿಲ್ಲಿಸಿ ಕುಕ್ಕರಗಾಲಲ್ಲಿ ಕೂತು ಹುಡುಕತೊಡಗಿದಳು. ಹಿಂದೆ ಲಾರಿಗಳ ಸಾಲು ನಿಂತಿತು. ಮುಂದಿನ ಲಾರಿಯ ಡ್ರೈವರ್ ಇಳಿದು ಬಂದ.

"ಏನ್ ಕಳ್ಕೊಂಡ್ರಿ ಸಿಸ್ಟರಮ್ಮ? ಬಂಗಾರ ಏನ್ರಿ?"

"ಕಣ್ಣೋ ಯಪ್ಪಾ, ಕಣ್ಣು ಬಿದ್ದೈತಿ!"

ಅವನ ಮುಖ ಬಿಳುಚಿತು. ಸುದ್ದಿ ಲಾರಿಯಿಂದ ಲಾರಿಗೆ ಹಿಂದಕ್ಕೆ ಹೋಗುತ್ತ ಬೆಳೆಯಿತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಯಾವುದೋ ಲಾರಿ ಗುದ್ದಿ ಸಿಸ್ಟರಮ್ಮನ ಎರಡೂ ಕಣ್ಣು ಕಿತ್ತುಬಂದಿದ್ದವು! ಡ್ರೈವರುಗಳೆಲ್ಲ ಓಡಿ ಬಂದರು. ಹೊತ್ತಿಗೆ ಮುಂಚೆ ಅದಿರು ಮುಟ್ಟಿಸಲು ಹಾರಾಡುವ ಆ ಗಂಡಸರು ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ ನರ್ಸಮ್ಮನ ಕಣ್ಣು ಹುಡುಕಿದರು. ಕಡೆಗೆ ಅದು ಸಿಕ್ಕಿದ್ದು ಅವಳ ಕೆನ್ನೆಯ ಮೇಲೇ ಅಂಟಿಕೊಂಡು. ಅಂದಿನಿಂದಲೇ ನೋಡಿ, ಅವಳನ್ನು ಕಂಡರೆ ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದುದು. ಮತ್ತೆ ಏನು ಬೀಳಿಸಿಕೊಳ್ಳುತ್ತಾಳೋ ಯಾರಿಗೆ ಗೊತ್ತು!

ಧೂಳಿನ ಊರಿಗೆ ಲೆನ್ಸ್ ಆಗಿಬರುವುದಿಲ್ಲವೆಂದು ಗೊತ್ತಾಯಿತು. ಆಪರೇಷನ್ ಮಾಡಿಸಿದರೆ ಹೇಗೆಂದು ಕಣ್ಣಿನ ಡಾಕ್ಟರರನ್ನು ಕೇಳಿದರೆ ಅವರು ನಿಮ್ಮ ಕಣ್ಣು ಅದನ್ನು ತಡೆಯದು ಎಂದುಬಿಟ್ಟರು. ಆಗ ಚಿಗವ್ವ ತನ್ನದೇ ಶೋಧ ಮಾಡಿದಳು. ಕನ್ನಡಕದ ಎರಡೂ ಕಾಲು ಮುರಿದು, ಆ ಜಾಗಕ್ಕೆ ಲಂಗದ ಲಾಡಿ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿ, ಮೇಲೆ ಹೆಲ್ಮೆಟ್! ಗಣಿ ಧಣಿಗಳ ಹೆಲಿಕಾಪ್ಟರ್ ಹಾರಿಸುವವನೂ ಅವಳ ಮುಂದೆ ಸಪ್ಪೆ. ಚಿಗಪ್ಪ ಕಂಡು, "ಲಾಡಿ ಹರದ್ರ ಏನ್ ಗತಿ?" ಎಂದ. "ಯಾವ ಲಾಡಿ ಅಂಬೋದರ ಮ್ಯಾಲ ಐತಿ" ಎಂದು ಅವನ ಬಾಯಿ ಮುಚ್ಚಿಸಿದಳು.

ಲಾಡಿ ಹರಿದ ದಿನ ಹಿಂದಿನ ಸೀಟಿನಲ್ಲಿ ನಾನೇ ಇದ್ದೆ. ಹೊಸಪೇಟೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವನು ಭಾನುವಾರದ ಊಟಕ್ಕೆಂದು ಅವಳ ಮನೆಗೆ ಹೋಗಿದ್ದೆ. ಎಲೆಯ ಮುಂದೆ ಕೂತಿರುವಾಗಲೇ ಚೋರನೂರಿನ ಕಡೆಯಿಂದ ಫೋನು ಬಂತು. ಚೊಚ್ಚಲ ಬಸುರಿ, ನೋವು ಶುರುವಾಗಿದೆ, ಕರೆದೊಯ್ಯಬೇಕಾದ ಜೀಪು ಲಾರಿ ಸಾಲಿನ ನಡುವೆ ಸಿಕ್ಕಿಬಿದ್ದಿದೆ. ಚಿಗವ್ವ ಕೈತೊಳೆದು ಎದ್ದಳು. "ಚೀಲ ಹಿಡ್ಕೊಂಡು ಕುಂದ್ರು ನಡಿ" ಎಂದಳು. ಕುಂತೆ. ಸೈಕಲ್ಲನ್ನೇ ತಳ್ಳಿಕೊಂಡು ಹೋಗುವ ಜಾತಿಯವನು ನಾನು. ಬೇರೆ ಏನು ಮಾಡಲಿ?

ಡಾಂಬರು ರಸ್ತೆ ಬಿಟ್ಟು ಹಳ್ಳಿಯ ಮಣ್ಣುದಾರಿಗೆ ತಿರುಗುವಲ್ಲಿ ಗುಂಡಿಯೊಂದು ನಮ್ಮನ್ನು ಎತ್ತಿ ಹಾಕಿತು. ಲಾಡಿ ಹರಿಯಿತು, ಕನ್ನಡಕ ಹಾರಿತು, ಹಿಂದೆ ಬರುತ್ತಿದ್ದ ಲಾರಿಯ ಗಾಲಿ ಅದನ್ನು ಪುಡಿ ಮಾಡಿತು. ಊರು ಇನ್ನೂ ದೂರವಿತ್ತು. ಚಿಗವ್ವ ಗಾಡಿ ನಿಲ್ಲಿಸಲೇ ಇಲ್ಲ. ಗೇರು ಇಳಿಸಿ, "ನೀ ನೋಡು, ನಾ ಹೊಡೀತೀನಿ" ಎಂದಳು.

"ಎಡಕ್ಕ... ಎಡಕ್ಕ... ನಿಂದ್ರು, ಎಮ್ಮಿ!"

"ಎಮ್ಮಿ ಎಡಕ್ಕೈತೋ ಬಲಕ್ಕೈತೋ?"

"ನಡುವ ಐತಿ!"

ಮಾಸ್ತರನಾಗಿ ನಾನು ಅಷ್ಟು ಗಟ್ಟಿಯಾಗಿ ಪಾಠ ಹೇಳಿದ್ದು ಅದೊಂದೇ ಸಲ. ಅಷ್ಟು ಶ್ರದ್ಧೆಯಿಂದ ಕೇಳಿದ ಶಿಷ್ಯೆಯೂ ಅವಳೊಬ್ಬಳೇ! ಬಸುರಿಯ ಮನೆಯ ಮುಂದೆ ಇಳಿದವನ ಕೈಯಿಂದ ಚೀಲ ಕಸಿದುಕೊಂಡು, ಯಾರದೋ ಕೈ ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಕಟ್ಟೆಯ ಮೇಲೆ ಆ ಮನೆಯ ಗಂಡಸರ ಪಕ್ಕ ಕೂತೆ. ಒಳಗಿನಿಂದ ಅವಳ ದನಿಯೊಂದೇ ಸಮನೆ ಕೇಳುತ್ತಿತ್ತು: "ಅಂಜಬ್ಯಾಡವಾ, ನನ್ ಕೈಗೆ ಎಲ್ಲಾ ಗೊತ್ತಾಗತೈತಿ. ಉಸಿರು ಬಿಡು. ಹಾಂ, ಹಂಗ."

ಹೊತ್ತು ಇಳಿಯುತ್ತಿದ್ದಾಗ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರು.

ಹೊಸಿಲ ಹೊರಗೆ ನಿಂತು ನೋಡಿದೆ. ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡಿದ್ದಳು ಚಿಗವ್ವ. ಅಷ್ಟು ಹತ್ತಿರದ್ದು ಅವಳಿಗೆ ಕನ್ನಡಕವಿಲ್ಲದೆಯೂ ಚೆನ್ನಾಗಿ ಕಾಣುತ್ತದೆಂದು ನನಗೆ ಹೊಳೆದದ್ದು ಆಗಲೇ. ಮಲಗಿದ್ದ ತಾಯಿ ಕ್ಷೀಣವಾಗಿ ಕೇಳಿದಳು, "ಹೆಂಗೈತ್ರಿ ಸಿಸ್ಟರ, ನನ್ ಕೂಸು?"

"ರೆಪ್ಪಿ ಭಾಳ ಉದ್ದ ಅದಾವವಾ. ಗದ್ದದ ಮ್ಯಾಲ ಸಣ್ಣದೊಂದು ಕುಣಿ ಐತಿ. ನಿನ್ನಂಗ."

ಕೂಸು ಅಳು ನಿಲ್ಲಿಸಿ ಕಣ್ಣು ತೆರೆದಿತ್ತು.

"ನನ್ನ ನೋಡಾಕತ್ತೈತಿ" ಎಂದಳು ಚಿಗವ್ವ, ಅಲುಗಾಡದೆ, ಪಿಸುಮಾತಿನಲ್ಲಿ. "ಈಗ ಹುಟ್ಟಿದ ಕೂಸಿಗೆ ದೂರದ್ದು ಕಾಣಂಗಿಲ್ಲ. ಇಷ್ಟ ಹತ್ತಿರ ಬರಬೇಕು." ಆಮೇಲೆ ಅದರ ಹಣೆಗೆ ಹಣೆ ಹಚ್ಚಿ, "ನನಗೂ ಹಂಗ ನನ್ನವ್ವಾ" ಎಂದಳು.